ದಾರ ಕಟ್ಟದ ಡಬ್ಬಿ

ಜೂನ್ 9

ಪ್ರೀತಿಯ ಗುಬ್ಬಿ,

ಅಕ್ಕನ ಆಶೀರ್ವಾದ. ಕಾಗದ ತಡವಾದದ್ದಕ್ಕೆ ಕ್ಷಮೆ ಕೇಳಬೇಕು ಅಂತ ಗೊತ್ತು, ಆದರೆ ಬೇಕೆಂದೇ ತಡಮಾಡಿದವಳು ಯಾವ ಬಾಯಲ್ಲಿ ಕೇಳಲಿ? ನಿನ್ನ ಮೇಲೆ ಸಿಟ್ಟಿತ್ತು. ಈಗಲೂ ಇದೆ. ಫೋನು ಮಾಡಿ ಬೈಯೋಣವೆಂದರೆ "ಮೀಟಿಂಗಲ್ಲಿದ್ದೀನಿ ಅಕ್ಕಾ" ಅಂತ ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡಲು ನಿನಗೆ ಬರುವುದಿಲ್ಲ. ಕೂತು ಓದು.

ಮೊದಲು ಮನೆಯ ಸುದ್ದಿ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ಭಾವನಿಗೆ ಶಾಲೆ ಶುರುವಾಗುವ ಕಾಲದ ಕೆಲಸ, ಅಂಗಡಿಯ ತುಂಬ ಯೂನಿಫಾರಮ್ಮಿನ ಗುಡ್ಡೆ. ಊಟಕ್ಕೆ ಕರೆದರೆ "ಈ ಒಂದು ತೋಳು ಮುಗಿಸಿ ಬರ್ತೀನಿ ಕಣೇ" ಅನ್ನುತ್ತಾರೆ. ಆ ತೋಳು ಮುಗಿಯುವ ಹೊತ್ತಿಗೆ ತಟ್ಟೆ ಆರಿ ತಣ್ಣಗಾಗಿರುತ್ತದೆ. ಸ್ವಲ್ಪ ಇಳಿದುಹೋಗಿದ್ದಾರೆ. ಬಟ್ಟೆಯ ಧೂಳಿಗೆ ಅದೇ ಹಳೇ ಕೆಮ್ಮು. ಕಿಟಕಿ ತೆಗೆದಿಟ್ಟು ಕತ್ತರಿಸಿ ಅಂದರೆ ಗಾಳಿಗೆ ಬಟ್ಟೆ ಸರಿಯುತ್ತದೆ ಅನ್ನುತ್ತಾರೆ. ಅವರಿಗೆ ಬುದ್ಧಿ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ಇನ್ನು ಬೈಗುಳಕ್ಕೆ ಬರುತ್ತೇನೆ.

ಆರೋಗ್ಯ ಇಲಾಖೆಯ ಆಫೀಸಿನಿಂದ ಬಂದ ನಿನ್ನ ಆರ್ಡರಿನ ಪ್ರಕಾರ ಹೋದ ತಿಂಗಳು ನಮ್ಮ ಟಿಬಿ ಲ್ಯಾಬಿನ ಹಸಿರು ಬಾಗಿಲಿಗೆ ಬೀಗ ಬಿತ್ತು. ನನ್ನ ಮೈಕ್ರೋಸ್ಕೋಪನ್ನು ಇಬ್ಬರು ಹಳೇ ಹೊದಿಕೆಯಲ್ಲಿ ಸುತ್ತಿ, ಬಾಣಂತಿಯನ್ನು ಕರೆದೊಯ್ಯುವ ಹಾಗೆ ಮೆಲ್ಲಗೆ ಮುಂದಿನ ದೊಡ್ಡ ಕಟ್ಟಡಕ್ಕೆ ಸಾಗಿಸಿದರು. ಹಿಂದಿನಿಂದ ಸ್ಪಿರಿಟ್ ದೀಪ, ಬಣ್ಣದ ಬಾಟಲಿ, ಅವುಗಳ ಹಿಂದೆ ನಾನು. ಆಸ್ಪತ್ರೆಯ ಜನರಲ್ ಲ್ಯಾಬಿನವರು ಒಂದು ಮೂಲೆ ತೋರಿಸಿದರು. ಈ ವಯಸ್ಸಿನಲ್ಲಿ ಮತ್ತೆ ಹೊಸ ಸೊಸೆಯಾದೆ ನೋಡು. ಯಾವ ಡಬ್ಬ ಎಲ್ಲಿದೆ ಗೊತ್ತಿಲ್ಲ, ಯಾರನ್ನು ಕೇಳಬೇಕು ಅಂತಲೂ ಗೊತ್ತಿಲ್ಲ.

ಆ ಮೀಟಿಂಗಿನ ದಿನ ನೀನು ದೊಡ್ಡ ಡಾಕ್ಟರ ಪಕ್ಕದಲ್ಲಿ ಕೂತು, ಗೋಡೆಯ ಮೇಲೆ ಬಾಣಗಳ ಚಿತ್ರ ತೋರಿಸಿ ಮಾತಾಡಿದೆಯಲ್ಲ, ನನಗೆ ಪ್ರತಿ ಮಾತೂ ನೆನಪಿದೆ. "ಒಂದೊಂದು ಕಾಯಿಲೆಗೂ ಒಂದೊಂದು ಲ್ಯಾಬು, ಒಂದೊಂದು ಬಾಗಿಲು ಯಾಕೆ? ಸಕ್ಕರೆ ಇರಲಿ, ಟಿಬಿ ಇರಲಿ, ಒಂದೇ ಕಿಟಕಿ, ಒಂದೇ ಸಾಲು." ನಾನು ಎದ್ದು ನಿಂತು "ಮೇಡಂ" ಅಂದೆ. ನಿನ್ನ ಮೂಗು ಒರೆಸಿ ಬೆಳೆಸಿದ ನಾನು, ನಿನಗೆ ಮೇಡಂ ಅಂದೆ! ನೀನು ಮುಖವನ್ನು ಒಂಚೂರೂ ಅಲ್ಲಾಡಿಸದೆ "ಹೇಳಿ, ಸೀನಿಯರ್ ಟೆಕ್ನಿಷಿಯನ್" ಅಂದೆ. ಸರಿ, ಆಫೀಸು ಅಂದಮೇಲೆ ಹಾಗೇ ಇರಬೇಕು. ಆದರೂ ಕರುಳು ಚುರುಕ್ ಅಂತು ಕಣೇ.

ನಾನು ಹೇಳಿದ್ದು ಇಷ್ಟೇ. ನನ್ನ ಹಸಿರು ಬಾಗಿಲಿಗೆ ಬರುವ ಒಬ್ಬೊಬ್ಬರ ಮುಖವೂ ನನಗೆ ಗೊತ್ತು. ಬೆಳಗ್ಗೆ ಎದ್ದ ಕೂಡಲೇ ಕಫ ತೆಗೆದ ಡಬ್ಬಿಯನ್ನು ಕೆಲಸಕ್ಕೆ ಹೋಗುವ ದಾರಿಯಲ್ಲಿ ನನ್ನ ಕಿಟಕಿಯ ಅಂಚಿನಲ್ಲಿಟ್ಟು ಹೋಗುತ್ತಿದ್ದರು. ನಿಲ್ಲುವಷ್ಟು ಪುರುಸೊತ್ತಿಲ್ಲದ ಜನ. ಔಷಧಿ ಶುರುಮಾಡಿದ ದಿನವೇ ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ದಾರ ಕೊಟ್ಟುಬಿಡುತ್ತಿದ್ದೆ, ಮುಂದೆ ಡಬ್ಬಿ ತರುವಾಗ ಕಟ್ಟಿ ತನ್ನಿ ಅಂತ. ಗಾರೆಯವನದು ನೀಲಿ, ಬಸ್‌ಸ್ಟ್ಯಾಂಡ್ ಗುಡಿಸುವವಳದು ಕೆಂಪು, ಮೇಷ್ಟ್ರದು ಬಿಳಿ. ದಾರಗಳೆಲ್ಲ ನಿನ್ನ ಭಾವನ ಅಂಗಡಿಯವು. ಪ್ರತಿ ಭಾನುವಾರ ತುಂಡುಗಳನ್ನೆಲ್ಲ ಬಣ್ಣಬಣ್ಣವಾಗಿ ಸುತ್ತಿ ನನ್ನ ಕೈಗೆ ಕೊಡುತ್ತಿದ್ದರು. "ಈ ವಾರ ಹಳದಿ ಜಾಸ್ತಿ ಇದೆ, ಹಳದಿ ರೋಗಿಗಳು ಯಾರಾದ್ರೂ ಬಂದ್ರೆ ನೋಡು" ಅಂತ ತಮಾಷೆ ಬೇರೆ. ಡಬ್ಬಿ ನೋಡಿದರೆ ಮನುಷ್ಯನನ್ನೇ ನೋಡಿದ ಹಾಗೆ ಆಗುತ್ತಿತ್ತು ನನಗೆ.

ಈಗ? ಮುಂದಿನ ಕಿಟಕಿಯಲ್ಲಿ ಗುಮಾಸ್ತ ಕೂತಿದ್ದಾನೆ. ಹೆಸರು ಅವನ ಕಂಪ್ಯೂಟರಿಗೆ, ನಂಬರಿನ ಚೀಟಿ ಡಬ್ಬಿಗೆ. ಗೋಡೆಯಲ್ಲಿ ಒಂದು ಕಿಂಡಿ ಕೊರೆದಿದ್ದಾರೆ, ಅದರಿಂದ ತಟ್ಟೆ ಒಳಗೆ ಬರುತ್ತದೆ. ರಕ್ತ, ಮೂತ್ರ, ಕಫ, ಎಲ್ಲ ಒಂದೇ ದಿಬ್ಬಣ. ನಾನು ಒಳಗಡೆ, ಜನ ಹೊರಗಡೆ. ಇಡೀ ದಿನ ಒಂದು ನರಪಿಳ್ಳೆಯ ಮುಖ ಕಾಣುವುದಿಲ್ಲ.

ಮೀಟಿಂಗು ಮುಗಿದಮೇಲೆ ಮೆಟ್ಟಿಲ ಹತ್ತಿರ ನೀನು ಅಕ್ಕ ಅಂತ ಕರೆದೆ. ಆಗ ಹೇಳಿದೆಯಲ್ಲ, "ಅಕ್ಕ, ನಿನ್ನ ಬಾಗಿಲಿಗೆ ಬಂದವರನ್ನ ನೀನು ನೋಡಿದ್ದೀಯ. ಬಾರದೇ ಇದ್ದವರನ್ನ ನೋಡಿಲ್ಲ. ಗುರುತು ಸಿಗೋ ಕಡೆ ಕಾಲಿಡದೇ ಇರೋರು ಇದ್ದಾರೆ." ನಾನು ಸಿಟ್ಟಿನಲ್ಲಿ "ಬಾರದೇ ಇದ್ದವರನ್ನ ನೋಡೋಕೆ ನಾನೇನು ಭವಿಷ್ಯ ಹೇಳೋಳಾ?" ಅಂದುಬಿಟ್ಟೆ. ನೀನು ಕಾರು ಹತ್ತಿದೆ. ಊಟಕ್ಕೂ ಬರಲಿಲ್ಲ. ನಿನ್ನ ಭಾವ ಅರ್ಧ ದಿನ ಅಂಗಡಿ ಮುಚ್ಚಿ ಕಾದಿದ್ದರು.

ಹೋಗಲಿ ಬಿಡು. ನಾನು ಈ ಕಾಗದ ಬರೆದದ್ದು ಜಗಳಕ್ಕಲ್ಲ, ಬಸ್‌ಸ್ಟ್ಯಾಂಡ್ ಗುಡಿಸುವವಳ ಸಲುವಾಗಿ. ಕೆಂಪು ದಾರದವಳು. ಎರಡು ತಿಂಗಳು ಮಾತ್ರೆ ನುಂಗಿದ್ದಾಳೆ. ಔಷಧಿ ಹಿಡಿಯುತ್ತಿದೆಯೋ ಇಲ್ಲವೋ ಅಂತ ಈಗ ಕಫ ನೋಡಲೇಬೇಕು. ನಿನ್ನ ಹೊಸ ಕಿಟಕಿ ತೆರೆಯುವುದು ಒಂಬತ್ತಕ್ಕೆ. ಆ ಹೊತ್ತಿಗೆ ಅವಳು ಅರ್ಧ ಬಸ್‌ಸ್ಟ್ಯಾಂಡ್ ಗುಡಿಸಿರುತ್ತಾಳೆ, ಬಿಟ್ಟು ಬಂದರೆ ಮೇಸ್ತ್ರಿ ಬಿಡುತ್ತಾನಾ? ಹೋದ ವಾರ ನಾನು ಹಿಂದಿನ ಕಡೆಗೆ ಸುಮ್ಮನೆ ಹೋದೆ, ಹಳೇ ಮನೆ ನೋಡಿ ಬರುವ ಹಾಗೆ. ನೋಡಿದರೆ ಬೀಗ ಹಾಕಿದ ಹಸಿರು ಬಾಗಿಲು, ಪಕ್ಕದ ಕಿಟಕಿಯ ಅಂಚಿನಲ್ಲಿ ಒಂದು ಡಬ್ಬಿ. ಕೆಂಪು ದಾರ. ಎಷ್ಟು ದಿನದಿಂದ ಬಿಸಿಲಿಗೆ ಒಣಗಿತ್ತೋ, ಪರೀಕ್ಷೆಗೆ ಬಾರದ ಹಾಗಾಗಿತ್ತು. ಅಕ್ಕ ಒಳಗಿದ್ದಾಳೆ ಅಂತ ನಂಬಿ ಇಟ್ಟುಹೋಗಿದ್ದಾಳೆ ಪಾಪ. ನಾನು ಅಲ್ಲೇ ನಿಂತು ಅತ್ತೆ. ಬಾಗಿಲು ಮುಚ್ಚುವುದನ್ನು ಆರ್ಡರಿನಲ್ಲಿ ಬರೆದಿರಿ. ಬಾಗಿಲು ಮುಚ್ಚಿದೆ ಅಂತ ಅವಳಿಗೆ ಹೇಳುವುದು ಯಾರ ಕೆಲಸ ಅಂತ ಬರೆದಿರಾ? ದೀಪದ ಬುಡದಲ್ಲೇ ಕತ್ತಲು ಅನ್ನುವುದು ನಿಮ್ಮಂಥ ಆಫೀಸಿನವರನ್ನು ನೋಡಿಯೇ ಇರಬೇಕು.

ನಮ್ಮ ಸೈಕಲ್ಲಣ್ಣನನ್ನು ಅವಳ ಮನೆಗೆ ಕಳಿಸಿದೆ. ಅದೇ ಗುಬ್ಬಿ, ಕಾಯಿಲೆ ಇದ್ದವರ ಮನೆಮನೆಗೆ ಹೋಗಿ ಮಾತ್ರೆ ನುಂಗಿದರಾ, ಮನೆಯಲ್ಲಿ ಮತ್ಯಾರಿಗಾದರೂ ಕೆಮ್ಮಿದೆಯಾ ಅಂತ ವಿಚಾರಿಸುವವರು. ಅವರು ಹೋದರೆ ಅವಳು ಕೋಣೆ ಬದಲಾಯಿಸಿದ್ದಾಳೆ. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ಹುಡುಕುತ್ತಿದ್ದಾರೆ.

ನನ್ನದೇನೂ ತಪ್ಪಿಲ್ಲ ಅಂತ ಹೇಳುವುದಿಲ್ಲ. ಹೊಸ ಕಡೆ ನಾನೂ ಒಂದು ಎಡವಟ್ಟು ಮಾಡಿದೆ, ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು. ಕಫದ ಸ್ಲೈಡು ಕಾಯುತ್ತದೆ. ಒಣಗಿಸಿ, ಬಣ್ಣ ಹಾಕಿ ಇಟ್ಟರೆ ನಾಳೆ ನೋಡಿದರೂ ಅದೇ ಕಾಣುತ್ತದೆ. ಆ ಅಭ್ಯಾಸದಲ್ಲಿ ನನಗೆ ಕೊಟ್ಟ ರಕ್ತದ ಟ್ಯೂಬುಗಳನ್ನೂ ಪಕ್ಕಕ್ಕಿಟ್ಟು ಮೊದಲು ನನ್ನ ಸ್ಲೈಡು ಮುಗಿಸಿದೆ. ರಕ್ತ ಹಾಗೇ ನಿಂತರೆ ಅದರೊಳಗಿನ ಸಕ್ಕರೆ ಇಳಿಯುತ್ತಾ ಹೋಗುತ್ತದೆ ಅನ್ನುವುದು ಯಾವ ಕಾಲದಲ್ಲೋ ಓದಿ ಮರೆತ ಪಾಠ. ಅವತ್ತು ಆಸ್ಪತ್ರೆಯ ಸಕ್ಕರೆ ಕಾಯಿಲೆಯವರೆಲ್ಲ ಒಂದೇ ಬೆಳಗಿನಲ್ಲಿ ಗುಣವಾದರು! ಸಕ್ಕರೆ ಪರೀಕ್ಷೆಯ ಹುಡುಗಿ ಇದ್ದಾಳಲ್ಲ, ಬಂಗಾರದಂಥವಳು, ನಾನು ಸಕ್ಕರೆ ಅಂತಲೇ ಕರೆಯುವುದು. ಅವಳು ಮೆಲ್ಲಗೆ ಬಂದು "ಅಕ್ಕಾ, ಎಲ್ಲರನ್ನೂ ವಾಪಸ್ ಕರೆದು ಇನ್ನೊಂದ್ಸಲ ತೆಗೀಬೇಕು" ಅಂದಳು. ಗಟ್ಟಿಯಾಗಿ ಬೈದಿದ್ದರೇ ವಾಸಿಯಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ, ಎರಡು ಲ್ಯಾಬು ಒಂದೇ ನೊಗಕ್ಕೆ ಕಟ್ಟಿದರೆ ಹೀಗೇ.

ನಿನ್ನನ್ನು ಕೇಳುವುದು ಒಂದೇ. ಕಿಟಕಿಯನ್ನು ಬೆಳಗ್ಗೆ ಆರೂವರೆಗೆ ತೆರೆಸು. ನಾನು ಬಂದು ಕೂರುತ್ತೇನೆ. ದೊಡ್ಡ ಡಾಕ್ಟರು "ಮೇಲಿನವರು ಬರೆದುಕೊಟ್ಟರೆ ನನಗೇನೂ ಅಭ್ಯಂತರ ಇಲ್ಲ" ಅಂತ ಕೈತೊಳೆದುಕೊಂಡರು. ಆ ಮೇಲಿನವಳು ನೀನೇ.

ಮರಿಗೆ ಮುತ್ತು. ಅವಳಪ್ಪನಿಗೆ ಕೇಳಿದೆ ಅಂತ ಹೇಳು. ಸಿಟ್ಟಿದ್ದರೂ ನೀನು ನನ್ನ ಗುಬ್ಬಿಯೇ. ನೂರು ವರ್ಷ ಬಾಳು, ಆದರೆ ಆರೂವರೆಗೆ ಎದ್ದು ಬಾಳು.

ನಿನ್ನ
ಅಕ್ಕ

ಮರೆತಿದ್ದೆ: ಮರಿಯ ಅಳತೆ ಕಳಿಸು. ಎದೆ, ಸೊಂಟ, ಉದ್ದ. ಭಾವ ಒಂದು ಹಳದಿ ಬಟ್ಟೆ ಎತ್ತಿಟ್ಟಿದ್ದಾರೆ, ಫ್ರಾಕು ಹೊಲಿಯುತ್ತಾರಂತೆ. ಜಗಳ ನಮ್ಮಿಬ್ಬರದು, ಫ್ರಾಕಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಅವರೇ ಬರೆಯಲು ಹೇಳಿದರು.


ಜುಲೈ 26

ಮುದ್ದಿನ ಗುಬ್ಬಿ,

ಆಶೀರ್ವಾದ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರ ತಡವಾದದ್ದು ಈ ಸಲ ಸಿಟ್ಟಿನಿಂದಲ್ಲ, ನೀನೇ ಹೊರಿಸಿದ ಕೆಲಸದಿಂದ. ಕೇಳಿದ್ದು ಕೊಟ್ಟೆ, ಈಗ ಅನುಭವಿಸು ಅಂತ ನಗುತ್ತಿರಬೇಕು ನೀನು.

ಕಿಟಕಿ ಈಗ ಆರೂವರೆಗೆ ತೆರೆಯುತ್ತದೆ. ಆರ್ಡರಿನ ಕೆಳಗೆ ನಿನ್ನ ಸಹಿ ನೋಡಿ ನಾನು ಎಲ್ಲರಿಗೂ ತೋರಿಸಿಕೊಂಡು ಬಂದೆ. "ನೋಡ್ರೀ, ಈ ಸಹಿ ಮಾಡೋದನ್ನ ಕೈಹಿಡಿದು ಕಲಿಸಿದ್ದು ನಾನೇ" ಅಂದೆ. ಸಕ್ಕರೆ ಚಪ್ಪಾಳೆ ತಟ್ಟಿದಳು. ಅವಳಿಗೂ ಅನುಕೂಲವೇ ಆಯಿತು, ಏನೂ ತಿನ್ನದೆ ರಕ್ತ ಕೊಡಬೇಕಾದವರು ಆ ಹೊತ್ತಿಗೇ ಬಂದು ಕೊಟ್ಟು, ಕೆಲಸಕ್ಕೆ ಹೋಗುತ್ತಾರೆ. ನಾನು ಆರಕ್ಕೆ ಮನೆ ಬಿಡುತ್ತೇನೆ. ಭಾವ ಆಗಿನ್ನೂ ಹಾಸಿಗೆಯಲ್ಲಿ ಎದ್ದು ಕೂತು ಕೆಮ್ಮುತ್ತಿರುತ್ತಾರೆ. ಹೊದಿಕೆ ಸರಿಮಾಡಿ, ಬಿಸಿನೀರು ಪಕ್ಕದಲ್ಲಿಟ್ಟು ಹೊರಡುತ್ತೇನೆ.

ಕೆಂಪು ದಾರದವಳು ಸಿಕ್ಕಳು ಗುಬ್ಬಿ! ಸೈಕಲ್ಲಣ್ಣ ಹುಡುಕಿ ಹುಡುಕಿ ಸುಸ್ತಾಗಿದ್ದರು, ಇವಳು ಒಂದು ಬೆಳಗ್ಗೆ ತಾನಾಗೇ ಬಂದು ಸಾಲಿನಲ್ಲಿ ನಿಂತಿದ್ದಾಳೆ. ತಟ್ಟೆಯಲ್ಲಿ ಕೆಂಪು ದಾರದ ಡಬ್ಬಿ ಕಂಡು ನಾನು ಕೈಗವಸು ಕಿತ್ತುಹಾಕಿ ಹೊರಗೆ ಓಡಿದೆ. ಪುಣ್ಯಕ್ಕೆ ಮಾತ್ರೆ ತಪ್ಪಿಸಿರಲಿಲ್ಲ, ಸ್ಲೈಡು ಸ್ವಚ್ಛವಾಗಿತ್ತು. "ಎಲ್ಲಿ ಹಾಳಾಗಿ ಹೋಗಿದ್ದೆ? ಹಸಿರು ಬಾಗಿಲು ಮುಚ್ಚಿದ್ದಕ್ಕೆ ಬೇಜಾರಾಯ್ತಾ?" ಅಂತ ಕೇಳಿದೆ. ಅವಳೇನು ಹೇಳಿದಳು ಗೊತ್ತಾ? "ಬೇಜಾರು ಯಾಕಮ್ಮಾ? ಆ ಬಾಗಿಲ ಹತ್ರ ನಿಂತ್ರೆ ನಾಯಿನೂ ದೂರ ಹೋಗೋದು. ಇಲ್ಲಿ ನಿಂತ್ರೆ ಸಕ್ಕರೆ ಕಾಯಿಲೆ ಅನ್ಕೋತಾರೆ. ದೊಡ್ಡೋರ ಕಾಯಿಲೆ, ಮರ್ಯಾದೆ ಬಂತು ನಂಗೆ." ಹಾಗಂತ ಸೊಂಟಕ್ಕೆ ಕೈಯಿಟ್ಟು ನಕ್ಕಳು. ನಾನೂ ನಕ್ಕೆ. ಒಳಗೆ ಬಂದು ಕೂತಮೇಲೆ ನಗು ನಿಂತುಹೋಯಿತು. ಅಷ್ಟು ವರ್ಷ ನನ್ನ ಬಾಗಿಲಿಗೆ ಬಂದವರು ಪ್ರೀತಿಯಿಂದ ಬರುತ್ತಿದ್ದರು ಅಂತ ತಿಳಿದಿದ್ದೆ. ಬೇರೆ ಬಾಗಿಲಿರಲಿಲ್ಲ ಅಂತ ಬರುತ್ತಿದ್ದರಾ?

ನಿನ್ನ ಮಾತು ಪೂರ್ತಿ ಒಪ್ಪಿದೆ ಅಂದುಕೊಳ್ಳಬೇಡ. ಮೂರು ದಿನ ಸಕ್ಕರೆ ರಜೆ ಹಾಕಿದಳು, ಅವಳ ಕೆಲಸವೂ ನನ್ನ ತಲೆಗೆ ಬಂತು, ಕಫದ ಡಬ್ಬಿಗಳು ಸಂಜೆಯವರೆಗೂ ಕಾದವು. ರಕ್ತ ಕೊಟ್ಟವರು ರಿಪೋರ್ಟಿಗೆ ಗಲಾಟೆ ಮಾಡುತ್ತಾರೆ, ನನ್ನ ಜನ ಗಲಾಟೆ ಮಾಡುವುದಿಲ್ಲ. ಗಲಾಟೆ ಮಾಡುವವರ ಕೆಲಸ ಮೊದಲು ಆಗುತ್ತದೆ, ಅಷ್ಟೇ. ಇದಕ್ಕೆ ನಿನ್ನ ಬಾಣದ ಚಿತ್ರದಲ್ಲಿ ಏನಾದರೂ ದಾರಿ ಇದ್ದರೆ ನೋಡು. ಇನ್ನೊಬ್ಬರನ್ನು ಹಾಕಿಸದಿದ್ದರೆ ನಾವಿಬ್ಬರೂ ನೆಲ ಕಚ್ಚುತ್ತೇವೆ.

ಸಕ್ಕರೆಗೆ ನಾನು ಸ್ಲೈಡು ನೋಡುವುದು ಕಲಿಸುತ್ತಿದ್ದೇನೆ. ಮೊನ್ನೆ ಗುರುವಾರ ಒಂದು ಹೊಸ ಡಬ್ಬಿ ಬಂದಿತ್ತು. ಬರಿ ನಂಬರು. ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡುತ್ತೇನೆ, ನೀಲಿಯ ಮೇಲೆ ಟಿಬಿಯ ಕೆಂಪು ಕಡ್ಡಿಗಳು ಕಿಕ್ಕಿರಿದಿವೆ. ಹುಡುಕುವ ಮಾತೇ ಇಲ್ಲ, ಕಣ್ಣಿಟ್ಟ ಕಡೆಯೆಲ್ಲ ಅವೇ. ಸಕ್ಕರೆಯನ್ನು ಕರೆದು ತೋರಿಸಿದೆ. "ಅಯ್ಯೋ ಇಷ್ಟೊಂದಾ?" ಅಂದಳು. ನನಗೆ ಮೈ ಉರಿಯಿತು. ನಿನಗೆ ನನ್ನ ಬಾಯಿ ಗೊತ್ತಲ್ಲ. ತಡವಾಗಿ ಬಂದವರ ಮನೆಯವರನ್ನು ಹಸಿರು ಬಾಗಿಲಲ್ಲಿ ನಿಲ್ಲಿಸಿ ನಾನು ಕೇಳುತ್ತಿದ್ದ ಮಾತು ಊರಿಗೇ ಗೊತ್ತು, ಗಾರೆಯವನಂತೂ ನನ್ನ ಹಾಗೇ ಸೊಂಟಕ್ಕೆ ಕೈಯಿಟ್ಟು ಅಣಕ ಮಾಡಿ ತೋರಿಸುತ್ತಿದ್ದ. ಅದೇ ಮಾತು ಬಂತು: "ಇದು ಇವತ್ತಿನ ಕೆಮ್ಮಲ್ಲ ಕಣೇ. ತಿಂಗಳುಗಟ್ಟಲೆ ಕೆಮ್ಮಿದ್ದಾನೆ ಈ ಮನುಷ್ಯ. ಮನೇಲಿ ಯಾರಿಗೂ ಕಿವಿ ಇರಲಿಲ್ವಾ?"

"ಅಕ್ಕಾ, ನಂಬರಿಗೆ ಬೈತಿದ್ದೀರಲ್ಲ" ಅಂತ ಸಕ್ಕರೆ ನಕ್ಕಳು.

"ನಂಬರಿಗೂ ಹೆಂಡ್ತಿ ಇರ್ತಾಳೆ. ಅವಳಿಗೆ ಬೈತಿದ್ದೀನಿ" ಅಂದೆ. ಲ್ಯಾಬಿನವರೆಲ್ಲ ನಕ್ಕರು.

ಫ್ರಾಕು ಮುಗಿಯುತ್ತಾ ಬಂತು. ಕಾಲರಿಗೆ ಬಿಳಿ ಅಂಚು ಕೊಟ್ಟಿದ್ದಾರೆ, ಜೇಬಿನ ಮೇಲೆ ಒಂದು ಗುಬ್ಬಿ ಹಾಕಿದ್ದಾರೆ. ಗುಬ್ಬಿಯ ಮಗಳಿಗೆ ಗುಬ್ಬಿಯಂತೆ. ಯಾಕೋ ಈಗೀಗ ಬೇಗ ದಣಿಯುತ್ತಾರೆ, ಎರಡು ಹೊಲಿಗೆ ಹಾಕಿ ಕೈ ಬಿಟ್ಟು ಕೂರುತ್ತಾರೆ. ಕೆಲಸ ಕಡಿಮೆ ಮಾಡಿ ಅಂತ ನೀನಾದರೂ ಬರೆ, ನಿನ್ನ ಮಾತಾದರೆ ಕೇಳುತ್ತಾರೆ.

ಮುಂದಿನ ಸಲ ಬಂದಾಗ ಊಟ ಮಾಡದೆ ಹೋದರೆ ಕಾಲು ಮುರಿಯುತ್ತೇನೆ, ಮೇಡಂ ಅಂತಲೂ ನೋಡುವುದಿಲ್ಲ. ಮರಿಗೂ ಅವಳಪ್ಪನಿಗೂ ಆಶೀರ್ವಾದ. ನೀನು ಚೆನ್ನಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಅಕ್ಕ

ಮತ್ತೆ ಬರೆದದ್ದು, ಮಂಗಳವಾರ:

ಮೇಲಿನದನ್ನು ಶನಿವಾರ ಬರೆದು ಮಡಚಿ ಚೀಲದಲ್ಲಿ ಇಟ್ಟುಕೊಂಡಿದ್ದೆ, ಅಂಚೆಗೆ ಹಾಕಲು ಆಗಿರಲಿಲ್ಲ. ಹರಿದು ಹಾಕಿ ಬೇರೆ ಬರೆಯೋಣ ಅಂದುಕೊಂಡೆ. ಆಗಲಿಲ್ಲ. ಹಾಗೇ ಕಳಿಸುತ್ತಿದ್ದೇನೆ, ನಾನು ಎಷ್ಟು ನಕ್ಕಿದ್ದೆ ಅನ್ನುವುದು ನಿನಗೂ ತಿಳಿಯಲಿ.

ನಿನ್ನೆ ಮಧ್ಯಾಹ್ನ ಸೈಕಲ್ಲಣ್ಣ ಲ್ಯಾಬಿನ ಬಾಗಿಲಿಗೆ ಬಂದು ನಿಂತರು. ಒಳಗೂ ಬರಲಿಲ್ಲ, ಹೋಗಲೂ ಇಲ್ಲ.

"ಅಕ್ಕಾ, ಸಾಯಂಕಾಲ ನಿಮ್ಮನೆಗೆ ಬರ್ಬೇಕು" ಅಂದರು.

"ಬನ್ನಿ, ಅದಕ್ಕೇನು ಕೇಳೋದು? ಟೀ ಕುಡ್ಕೊಂಡು ಹೋಗುವಿರಂತೆ" ಅಂದೆ.

"ಟೀಗಲ್ಲ ಅಕ್ಕ" ಅಂದು ತಲೆ ತಗ್ಗಿಸಿದರು. "ಗುರುವಾರದ ಡಬ್ಬಿ."

ಒಂದು ಕ್ಷಣ ನನಗೆ ತಿಳಿಯಲಿಲ್ಲ ಗುಬ್ಬಿ. ಗುರುವಾರದ ಡಬ್ಬಿಗೂ ನನ್ನ ಮನೆಗೂ ಏನು ಅಂತ ಅವರ ಮುಖವನ್ನೇ ನೋಡುತ್ತಾ ನಿಂತೆ. ಅವರ ಕಣ್ಣು ತುಂಬಿತ್ತು. ಆಮೇಲೆ ತಿಳಿಯಿತು.

ನಿನ್ನ ಭಾವ ಕಣೇ. ನಾನು ಆರಕ್ಕೆ ಮನೆ ಬಿಟ್ಟಮೇಲೆ ಅವರೂ ಎದ್ದು, ನನ್ನ ಹಿಂದೆಯೇ ಬಂದು, ಸಕ್ಕರೆ ಪರೀಕ್ಷೆಯವರ ಸಾಲಿನಲ್ಲಿ ನಿಂತು ಡಬ್ಬಿ ಕೊಟ್ಟು ಹೋಗಿದ್ದಾರೆ. ಗುಮಾಸ್ತ ಹೊಸಬ, ಅವನಿಗೆ ಇವರು ಯಾರೆಂದು ಗೊತ್ತಿಲ್ಲ. ನಂಬರಿನ ಹೆಸರು, ವಿಳಾಸ ಸೈಕಲ್ಲಣ್ಣನ ಪಟ್ಟಿಗೆ ಹೋದಮೇಲೇ ತಿಳಿದದ್ದು. ಗೋಡೆಯ ಈಚೆಗೆ ನಾನು, ಆಚೆಗೆ ಅವರು. ಇಷ್ಟು ವರ್ಷ ಊರವರ ಡಬ್ಬಿಗೆಲ್ಲ ದಾರ ಕೊಟ್ಟವರು ತಮ್ಮ ಡಬ್ಬಿಗೆ ದಾರ ಕಟ್ಟಲಿಲ್ಲ.

ಅಂಗಡಿಗೆ ಓಡಿದೆ. ನನ್ನನ್ನು ಕಂಡ ಕೂಡಲೇ ಮಷೀನು ನಿಲ್ಲಿಸಿದರು. ಮುಖ ನೋಡಿಯೇ ತಿಳಿದುಕೊಂಡರು. ನಾನು ಅಲ್ಲೇ ಬಟ್ಟೆಯ ರಾಶಿಯ ಮೇಲೆ ಕೂತು "ನನ್ನ ಹತ್ರ ಯಾಕೆ ಬರಲಿಲ್ಲ? ಪಕ್ಕದಲ್ಲೇ ಮಲಗ್ತೀನಲ್ರೀ, ನನಗ್ಯಾಕೆ ಹೇಳಲಿಲ್ಲ?" ಅಂತ ಕೇಳಿದೆ. ಊರು ಏನನ್ನುತ್ತದೋ, ಗಿರಾಕಿಗಳು ಬಿಡುತ್ತಾರೋ ಅಂತ ಹೆದರಿರಬೇಕು ಅಂದುಕೊಂಡಿದ್ದೆ. ಅದಲ್ಲ.

"ಧೂಳಿನ ಕೆಮ್ಮಲ್ಲ ಅಂತ ನನಗೆ ಮುಂಚೇನೇ ಗೊತ್ತಾಗಿತ್ತು ಕಣೇ" ಅಂದರು. "ಹಸಿರು ಬಾಗಿಲಿಗೆ ಎರಡು ಸಲ ಬಂದೆ, ಜನ ನಿಂತಿದ್ರು, ವಾಪಸ್ ಹೋದೆ. ಅಲ್ಲಿ ಗೊತ್ತಾದ್ರೆ ಎಲ್ಲರೂ ನಿನ್ನನ್ನೇ ಕೇಳ್ತಿದ್ರು. ಊರಿಗೆಲ್ಲ ಕಿವಿ ಇಲ್ವಾ ಅಂತ ಕೇಳ್ತಾಳೆ, ಇವಳಿಗೇ ಕಿವಿ ಇರಲಿಲ್ಲ ಅಂತ ನಗ್ತಿದ್ರು. ನಿನ್ನನ್ನ ಹಾಗೆ ಯಾರೂ ಅನ್ನಬಾರದು ಅಂತ ಇತ್ತು ನನಗೆ."

ಅಷ್ಟು ಹೇಳುವುದರೊಳಗೆ ಎರಡು ಸಲ ಕೆಮ್ಮಿದರು. ನಾನು ಕೇಳಿಸಿಕೊಂಡೆ ಗುಬ್ಬಿ. ಆ ಕೆಮ್ಮನ್ನು ನಾನು ನಿಜವಾಗಿ ಕೇಳಿಸಿಕೊಂಡದ್ದು ನಿನ್ನೆಯೇ ಮೊದಲು. ದಿನಾ ಕೇಳುತ್ತಿದ್ದೆ, ಮಷೀನಿನ ಸದ್ದು ಕೇಳುವ ಹಾಗೆ. ನಾನು ಆರಿಸಿಕೊಂಡ ಕಾಯಿಲೆ, ನನಗೆ ಅನ್ನ ಹಾಕಿದ ಕಾಯಿಲೆ, ನನ್ನ ದಿಂಬಿನ ಪಕ್ಕದಲ್ಲೇ ಇತ್ತು.

ಸಾಯಂಕಾಲ ಸೈಕಲ್ಲಣ್ಣ ಮನೆಗೆ ಬಂದರು. ಎಲ್ಲರ ಮನೆಯಲ್ಲೂ ಕೇಳುವ ಹಾಗೆ "ಮನೇಲಿ ಎಷ್ಟು ಜನ?" ಅಂತ ಶುರುಮಾಡಿದರು, ಅಲ್ಲಿಗೇ ಪೆನ್ನು ಕೆಳಗಿಟ್ಟರು. ಮಿಕ್ಕ ಪ್ರಶ್ನೆಗಳನ್ನು ನಾನೇ ಕೇಳಿಕೊಂಡು ನಾನೇ ಉತ್ತರ ಹೇಳಿದೆ. ನನಗೆ ಕೆಮ್ಮಿಲ್ಲ, ಜ್ವರವಿಲ್ಲ. ಇವತ್ತು ಎದೆಯ ಎಕ್ಸ್‌ರೇ ತೆಗೆಸಿದೆ, ಶುದ್ಧವಾಗಿದೆಯಂತೆ. ಅದಕ್ಕಾಗಿ ನಿನ್ನ ಸಾಲಿನಲ್ಲೇ ನಿಂತೆ. ಹಿಂದೆ ನಿಂತ ಮುದುಕ "ಏನಮ್ಮಾ, ನಿನಗೂ ಸಕ್ಕರೇನಾ?" ಅಂತ ಕೇಳಿದ. ಹೌದು ಅಂದೆ. ನಿನ್ನ ಭಾವನಿಗೆ ಮಾತ್ರೆ ಶುರುವಾಗಿದೆ. ವಾಸಿಯಾಗುವ ಕಾಯಿಲೆ ಇದು. ಹಸಿರು ಬಾಗಿಲಲ್ಲಿ ನಿಂತು ಎಷ್ಟು ಜನಕ್ಕೆ ಇದನ್ನೇ ಧೈರ್ಯವಾಗಿ ಹೇಳಿಲ್ಲ ನಾನು? ನನಗೆ ನಾನೇ ಹೇಳಿಕೊಳ್ಳಲು ಹೋದರೆ ನಾಲಿಗೆ ಏಳುತ್ತಿಲ್ಲ.

"ಬಾರದೇ ಇದ್ದವರನ್ನ ನೋಡಿಲ್ಲ" ಅಂತ ನನಗೆ ಅಂದಿದ್ದೆಯಲ್ಲ. ಬೆಳಗಿನ ಹೊತ್ತು ನಾನು ಕೇಳಿ ತೆಗೆಸಿದ್ದು, ಆದರೆ ಅವರು ಬಂದದ್ದು ನಿನ್ನ ಕಿಟಕಿಗೆ ಗುಬ್ಬಿ. ನನ್ನ ಬಾಗಿಲಿಂದ ಎರಡು ಸಲ ವಾಪಸ್ ಹೋಗಿ, ನಿನ್ನ ಕಿಟಕಿಗೆ ಬಂದರು.

ಫ್ರಾಕು ಮುಗಿದಿದೆ. ನಿನ್ನೆ ಅದನ್ನು ಮಡಚಿ ಕಪಾಟಿನೊಳಗೆ ಇಟ್ಟುಬಿಟ್ಟರು. "ಕಳಿಸೋದು ಬೇಡ. ಗುಬ್ಬಿಗೆ ಎಲ್ಲ ಗೊತ್ತು, ಆದ್ರೂ ಮಗು ಅಲ್ವಾ, ತಾಯಿ ಮನಸ್ಸು" ಅಂದರು. ಬಟ್ಟೆಯಿಂದ ಅಂಟುವುದಿಲ್ಲ ಅಂತ ನಾನು ಹೇಳಿದೆ, ಅವರಿಗೂ ಗೊತ್ತು. ಆದರೂ ಬೇಡ ಅಂದರು. ಅವರು ಮಲಗಿದಮೇಲೆ ತೆಗೆದು ಈ ಕಾಗದದ ಜೊತೆಗೆ ಕಟ್ಟಿದ್ದೇನೆ.

ಮರಿಗೆ ಹಾಕಿಸಿ ಒಂದು ಫೋಟೋ ಕಳಿಸು. ಅವರಾಗಿ ಕೇಳುವುದಿಲ್ಲ, ನಾನೂ ಇನ್ನೊಂದು ಸಲ ಕೇಳುವುದಿಲ್ಲ. ಜೇಬಿನ ಗುಬ್ಬಿ ಕಾಣುವ ಹಾಗೆ ತೆಗಿ.